ರೆಕ್ಕೆ ಅಲುಗಿಸಿ ಕೇಳುವ ಮಾತು

ನಮ್ಮ ಖಾಲಾಗೆ ಎಪ್ಪತ್ತು ದಾಟಿದೆ. ಚನ್ನಪಟ್ಟಣ ಬಿಟ್ಟು ಅವರು ದೂರ ಹೋದದ್ದು ಕಡಿಮೆ. 2024ರ ಅಕ್ಟೋಬರ್ ಕೊನೆಯಲ್ಲಿ ದೆಹಲಿಯಲ್ಲಿರುವ ಅವರ ಮಗಳ ಮನೆಯಲ್ಲಿ ಮಗುವಿನ ಅಖೀಖಾ ಇತ್ತು. ಎರಡು ರಾತ್ರಿ ರೈಲಿನಲ್ಲಿ ಕೂರಲು ಖಾಲಾರ ಮೊಣಕಾಲು ಒಪ್ಪಲಿಲ್ಲ. ಹೀಗಾಗಿ ಅವರನ್ನು ಬೆಂಗಳೂರಿನಿಂದ ವಿಮಾನದಲ್ಲಿ ಕರೆದುಕೊಂಡು ಹೋಗುವ ಜವಾಬ್ದಾರಿ ನಮ್ಮ ಹೆಗಲಿಗೆ ಬಿತ್ತು. ಖಾಲಾ ವಿಮಾನ ಹತ್ತುತ್ತಿದ್ದುದು ಅದೇ ಮೊದಲು.

ಮೂರು ಸೀಟಿನ ಸಾಲು. ಕಿಟಕಿಯ ಬಳಿ ಐವತ್ತರ ಆಸುಪಾಸಿನ ಹೆಂಗಸೊಬ್ಬರು, ನಡುವೆ ಖಾಲಾ, ಈಚೆಗೆ ನಾವು. ಬಾಗಿಲು ಮುಚ್ಚಿದ ಸದ್ದು ಕೇಳುತ್ತಲೇ ಖಾಲಾ ಚೀಲದಿಂದ ತಸ್ಬೀಹ್ ತೆಗೆದರು. ಕಣ್ಣು ಮುಚ್ಚಿಕೊಂಡು ಪ್ರಯಾಣದ ದುವಾ ಓದತೊಡಗಿದರು. ಮನೆಯ ಪಡಸಾಲೆಯಲ್ಲಿ ಓದುವಷ್ಟೇ ದನಿ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಕಿಟಕಿಯ ಬಳಿಯ ಹೆಂಗಸು ತಿರುಗಿ ನೋಡಿದರು. ಮುಂದಿನ ಸಾಲಿನಲ್ಲಿ ಒಂದು ತಲೆ ಅರ್ಧ ಹೊರಳಿತು.

“ಖಾಲಾ, ಮೆಲ್ಲಗೆ” ಎಂದೆವು.

“ಯಾಕೆ ಬೇಟಾ?”

“ಮನಸ್ಸಿನಲ್ಲೇ ಓದಿಕೊಳ್ಳಿ.”

ಖಾಲಾ ನಮ್ಮ ಮುಖವನ್ನೊಮ್ಮೆ ನೋಡಿದರು. ಮತ್ತೇನೂ ಕೇಳಲಿಲ್ಲ. ತಸ್ಬೀಹ್ ಹಿಡಿದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು. ದನಿ ನಿಂತಿತು. ತುಟಿಗಳು ಮಾತ್ರ ಅಲುಗುತ್ತಿದ್ದವು.

ನಮ್ಮನ್ನು ಎತ್ತಿ ಆಡಿಸಿದ, ನಮಗೆ ಕಲಿಮಾ ಹೇಳಿಕೊಟ್ಟ ತಾಯಿಯ ತಂಗಿಗೆ ‘ಅಲ್ಲಾಹನ ಹೆಸರು ಮೆಲ್ಲಗೆ ಹೇಳಿ’ ಎಂದಿದ್ದೆವು. ಹಾಗೆ ಹೇಳಿ ಎಂದು ನಮಗೆ ಯಾರೂ ಆಜ್ಞೆ ಮಾಡಿರಲಿಲ್ಲ. ಗಗನಸಖಿ ಏನೂ ಅಂದಿರಲಿಲ್ಲ. ಪಕ್ಕದ ಹೆಂಗಸು ನೋಡಿದ್ದರು, ಅಷ್ಟೆ. ಆದರೂ ನಾಲಿಗೆ ಹೊರಳಿಬಿಟ್ಟಿತು.

ಅದಕ್ಕೊಂದು ತಕ್ಷಣದ ಕಾರಣವಿತ್ತು. ಆ ತಿಂಗಳು ನಮ್ಮ ದೇಶದ ವಿಮಾನಗಳಿಗೆ ನೂರಾರು ಹುಸಿ ಬಾಂಬ್ ಬೆದರಿಕೆಗಳು ಬಂದಿದ್ದವು. ಅಕ್ಟೋಬರ್ 15ರಂದು ಮಧುರೆಯಿಂದ ಸಿಂಗಪುರಕ್ಕೆ ಹೊರಟಿದ್ದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನದಲ್ಲಿ ಬಾಂಬ್ ಇದೆ ಎಂಬ ಸಂದೇಶ ಬಂದು, ಸಿಂಗಪುರದ ವಾಯುಪಡೆಯ ಎರಡು ಎಫ್-15 ಯುದ್ಧವಿಮಾನಗಳು ಮೇಲೇರಿದವು. ಅದನ್ನು ಜನವಸತಿಯಿಂದ ದೂರಕ್ಕೆ ಕರೆದೊಯ್ದು ಚಾಂಗಿ ನಿಲ್ದಾಣದವರೆಗೆ ಜೊತೆಗೆ ಬಂದವು. ವಿಮಾನದಲ್ಲಿ ಬಾಂಬ್ ಇರಲಿಲ್ಲ. ಇಷ್ಟನ್ನು ನಾವು ಓದಿದ್ದೆವು. ಖಾಲಾ ಓದಿರಲಿಲ್ಲ.

ಆದರೆ ನಮ್ಮ ಅಂಜಿಕೆಯ ಬೇರು ಅದಕ್ಕಿಂತ ಹದಿನೆಂಟು ವರ್ಷ ಹಳೆಯದು.

*

2006ರ ಆಗಸ್ಟ್ 23. ಆಂಸ್ಟರ್‌ಡ್ಯಾಮಿನ ಸ್ಕಿಪೋಲ್ ನಿಲ್ದಾಣದಿಂದ ನಾರ್ತ್‌ವೆಸ್ಟ್ ಏರ್‌ಲೈನ್ಸ್‌ನ 42ನೇ ಸಂಖ್ಯೆಯ ವಿಮಾನ 149 ಪ್ರಯಾಣಿಕರನ್ನು ಹೊತ್ತು ಮುಂಬೈಗೆ ಹೊರಟಿತು. ಅದರಲ್ಲಿ ಮುಂಬೈಗೆ ಮರಳುತ್ತಿದ್ದ ಹನ್ನೆರಡು ಜನ ಭಾರತೀಯರ ಗುಂಪೊಂದಿತ್ತು. ಎಲ್ಲರೂ ಮುಸಲ್ಮಾನರು. ಅವರ ಬಳಿ ಮೊಬೈಲ್ ಫೋನುಗಳಿದ್ದವು. ವಿಮಾನ ಏರುವ ಹೊತ್ತಿನಲ್ಲಿ ಅವನ್ನು ಕೈಯಿಂದ ಕೈಗೆ ದಾಟಿಸಿದರು, ಸಿಬ್ಬಂದಿಯ ಮಾತನ್ನು ಕೇಳಲಿಲ್ಲ ಎಂಬುದು ಅವರ ಮೇಲಿನ ದೂರು. ವಿಮಾನದಲ್ಲಿದ್ದ ಅಮೆರಿಕದ ಭದ್ರತಾ ಸಿಬ್ಬಂದಿಗೆ ಇದು ಅನುಮಾನ ತಂದಿತು. ಜರ್ಮನಿಯ ಆಕಾಶ ಮುಟ್ಟಿದ್ದ ವಿಮಾನವನ್ನು ಪೈಲಟ್ ಹಿಂದಕ್ಕೆ ತಿರುಗಿಸಿದರು. ನೆದರ್‌ಲ್ಯಾಂಡ್ಸ್ ವಾಯುಪಡೆಯ ಎರಡು ಎಫ್-16 ವಿಮಾನಗಳು ಜೊತೆಗೂಡಿ ಅದನ್ನು ಸ್ಕಿಪೋಲ್‌ಗೆ ಮುಟ್ಟಿಸಿದವು. ಹನ್ನೆರಡೂ ಜನರನ್ನು ಬಂಧಿಸಲಾಯಿತು. ಮರುದಿನ, ಭಯೋತ್ಪಾದನೆಗೆ ಯಾವ ಪುರಾವೆಯೂ ಸಿಕ್ಕಿಲ್ಲವೆಂದು ಬಿಟ್ಟುಬಿಟ್ಟರು.

ನಾವಾಗ ಇಪ್ಪತ್ತರ ಹರೆಯದಲ್ಲಿ, ಒಂದೆರಡು ಕತೆ ಬರೆದು ಲೇಖಕರಾದೆವೆಂದು ಬೀಗುತ್ತಿದ್ದ ಕಾಲ. ಬೆಳಗಿನ ಚಹಾದ ಅಂಗಡಿಯಲ್ಲಿ ಒಂದು ಉರ್ದು ಪತ್ರಿಕೆ, ಒಂದು ಕನ್ನಡ ಪತ್ರಿಕೆ ಬರುತ್ತಿದ್ದವು. ನಮಗೆ ಎರಡೂ ಬೇಕು. ಒಂದು ಶಾಲೆಯಲ್ಲಿ ಅಲಿಫ್ ಬೇ ಕಲಿತು ಇನ್ನೊಂದರಲ್ಲಿ ಅ ಆ ಕಲಿತವರ ಪಾಡು ಇದು. ಆ ದಿನ ಉರ್ದು ಪತ್ರಿಕೆ ಹನ್ನೆರಡು ಜನರ ಬಗ್ಗೆ ಬರೆದಿತ್ತು. ಕನ್ನಡ ಪತ್ರಿಕೆ ಯುದ್ಧವಿಮಾನಗಳ ಬಗ್ಗೆ ಬರೆದಿತ್ತು. ಎರಡನ್ನೂ ಓದಿದ ಮೇಲೆಯೇ ಸುದ್ದಿ ಪೂರ್ತಿಯಾಯಿತು.

ಉರ್ದುವಿನಲ್ಲಿ ‘ಹಮ್’ ಎಂದರೆ ನಾನೂ ಹೌದು, ನಾವೂ ಹೌದು. ನಮ್ಮ ಬರವಣಿಗೆಗೆ ಅದೇ ಅಭ್ಯಾಸ ಅಂಟಿಕೊಂಡಿದೆ. ಆದರೆ ಆ ಹನ್ನೆರಡು ಮಂದಿ ವಿಮಾನ ಹತ್ತುವಾಗ ಪ್ರತಿಯೊಬ್ಬನೂ ‘ನಾನು’ ಎಂದುಕೊಂಡೇ ಹತ್ತಿರಬೇಕು. ಒಬ್ಬನಿಗೆ ಮನೆಯ ಚಿಂತೆ, ಒಬ್ಬನಿಗೆ ವ್ಯಾಪಾರದ ಲೆಕ್ಕ, ಒಬ್ಬನಿಗೆ ನಿದ್ದೆ. ಇಳಿಯುವಾಗ ಮಾತ್ರ ಅವರೆಲ್ಲ ಒಟ್ಟಾಗಿ ‘ಅವರು’ ಆಗಿದ್ದರು.

ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಮಾತಿದೆ. ಆ ವಿಮಾನದಲ್ಲಿದ್ದ ಉಳಿದವರ ಭಯ ಸುಳ್ಳಲ್ಲ. ಅದಕ್ಕೆ ಹದಿಮೂರು ದಿನಗಳ ಹಿಂದೆಯಷ್ಟೇ ಲಂಡನ್ನಿನಲ್ಲಿ, ಅಟ್ಲಾಂಟಿಕ್ ದಾಟುವ ವಿಮಾನಗಳನ್ನು ದ್ರವ ಸ್ಫೋಟಕದಿಂದ ಉಡಾಯಿಸುವ ಸಂಚು ಬಯಲಾಗಿತ್ತು. ಜುಲೈ 11ರಂದು ಮುಂಬೈನ ಲೋಕಲ್ ರೈಲುಗಳಲ್ಲಿ ಬಾಂಬ್ ಸಿಡಿದು ನೂರಾರು ಜನ ಸಂಜೆ ಮನೆ ಸೇರಲಿಲ್ಲ. ಆ ರೈಲುಗಳಲ್ಲಿ ಹನ್ನೆರಡು ಜನರ ನೆಂಟರು, ನೆರೆಯವರೂ ಓಡಾಡುತ್ತಿದ್ದರು. ಭಯಪಟ್ಟವರನ್ನು ಹೀಗಳೆಯುವುದು ಸುಲಭ. ನಾವು ಹಾಗೆ ಮಾಡಲಾರೆವು. ಯಾಕೆಂದು ಮುಂದೆ ಹೇಳುತ್ತೇವೆ.

*

ಒಂದು ಯುದ್ಧವಿಮಾನ ನಾಗರಿಕ ವಿಮಾನದ ಪಕ್ಕಕ್ಕೆ ಬಂದಾಗ ಏನು ನಡೆಯುತ್ತದೆ? ಸಿನಿಮಾ ನೋಡಿದವರಿಗೆ ಗುಂಡು, ಕ್ಷಿಪಣಿ ನೆನಪಾಗಬಹುದು. ನಿಜದಲ್ಲಿ ಅಲ್ಲಿ ಮೊದಲು ನಡೆಯಬೇಕಾದದ್ದು ಒಂದು ಸಂಭಾಷಣೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಇದಕ್ಕೆ ಲಿಪಿಯಿಲ್ಲದ ಒಂದು ಭಾಷೆಯನ್ನೇ ಗೊತ್ತುಮಾಡಿದೆ.

ಯುದ್ಧವಿಮಾನ ಸಾಮಾನ್ಯವಾಗಿ ಎಡಗಡೆಯಿಂದ, ತುಸು ಮೇಲೆ, ತುಸು ಮುಂದೆ ಬಂದು ಕಾಣಿಸಿಕೊಳ್ಳಬೇಕು. ಪ್ರಯಾಣಿಕ ವಿಮಾನದ ಕ್ಯಾಪ್ಟನ್ ಕೂರುವುದು ಎಡ ಸೀಟಿನಲ್ಲಿ. ಅವರ ಕಣ್ಣಿಗೆ ಬೀಳುವಂತೆ ರೆಕ್ಕೆಗಳನ್ನು ಆಚೀಚೆ ಅಲುಗಿಸಿ ದೀಪ ಮಿನುಗಿಸಬೇಕು. ‘ನಿಮ್ಮನ್ನು ಅಡ್ಡಗಟ್ಟಿದ್ದೇವೆ, ನಮ್ಮ ಹಿಂದೆ ಬನ್ನಿ’ ಎಂದು ಇದರರ್ಥ. ಪ್ರಯಾಣಿಕ ವಿಮಾನವೂ ರೆಕ್ಕೆ ಅಲುಗಿಸಿದರೆ ‘ತಿಳಿಯಿತು, ಬರುತ್ತೇವೆ’ ಎಂದರ್ಥ. ಯುದ್ಧವಿಮಾನ ಥಟ್ಟನೆ ಮೇಲೇರಿ ಪಕ್ಕಕ್ಕೆ ತಿರುಗಿ ಹೋಗಿಬಿಟ್ಟರೆ ‘ನಿಮ್ಮ ದಾರಿಯಲ್ಲಿ ನೀವು ಹೋಗಬಹುದು’ ಎಂಬ ಅಪ್ಪಣೆ. ನಿಲ್ದಾಣವೊಂದರ ಮೇಲೆ ಚಕ್ರ ಇಳಿಸಿಕೊಂಡು ಹಾರಿದರೆ ‘ಇಲ್ಲಿ ಇಳಿಯಿರಿ’.

ಜೊತೆಗೆ 121.5 ಮೆಗಾಹರ್ಟ್ಸ್ ಎಂಬ ತುರ್ತು ರೇಡಿಯೋ ತರಂಗಾಂತರವಿದೆ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದಿದ್ದರೆ ಹೇಳಬೇಕಾದ ನಾಲ್ಕಾರು ಪದಗಳನ್ನೂ ಬರೆದಿಟ್ಟಿದ್ದಾರೆ. ‘ಮಾಡುತ್ತೇವೆ’, ‘ಆಗುವುದಿಲ್ಲ’, ‘ಇನ್ನೊಮ್ಮೆ ಹೇಳಿ’, ‘ಅಪಹರಣವಾಗಿದೆ’ ಎಂಬುವು ಅದರಲ್ಲಿವೆ. ಆ ಪಟ್ಟಿಯಲ್ಲಿ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಮಾತು: ‘ದಾರಿ ತಪ್ಪಿದ್ದೇವೆ’. ದಾರಿ ತಪ್ಪಿದವರು ಶತ್ರುವಿನ ಹಾಗೆ ಕಾಣಬಹುದು ಎಂಬುದನ್ನು ಬಲ್ಲವರೇ ಅದನ್ನು ಸೇರಿಸಿರಬೇಕು.

ಕೇಳಿ ತಿಳಿಯುವ ಈ ಮಾತು ಕೈಕೊಟ್ಟಾಗ ಆದದ್ದೇನು ಎಂಬುದಕ್ಕೆ ಎರಡು ಘಟನೆ ಸಾಕು.

1973ರ ಫೆಬ್ರವರಿ 21ರಂದು ಲಿಬಿಯಾದ ಟ್ರಿಪೋಲಿಯಿಂದ ಬೆಂಗಾಜಿ ಮಾರ್ಗವಾಗಿ ಕೈರೋಗೆ ಹೊರಟಿದ್ದ ಬೋಯಿಂಗ್ ವಿಮಾನ ಮರಳುಗಾಳಿಯಲ್ಲಿ ದಿಕ್ಕು ತಪ್ಪಿತು. ಕೈರೋ ದಾಟಿ ಆಗ ಇಸ್ರೇಲಿನ ವಶದಲ್ಲಿದ್ದ ಸಿನಾಯ್ ಮರುಭೂಮಿಯ ಮೇಲೆ ಬಂದುಬಿಟ್ಟಿತು. ಇಸ್ರೇಲಿನ ಎರಡು ಫ್ಯಾಂಟಮ್ ವಿಮಾನಗಳು ಪಕ್ಕಕ್ಕೆ ಬಂದು ಇಳಿಯುವಂತೆ ಸನ್ನೆ ಮಾಡಿದವು. ಚಾಲಕರಿಗೆ ಅವು ಈಜಿಪ್ಟಿನವೇ ಎನ್ನಿಸಿತು. ತಮ್ಮವರೇ ಎಂದುಕೊಂಡವರಿಗೆ ಸನ್ನೆಯ ಅರ್ಥ ಆಗಲಿಲ್ಲ. ತಪ್ಪು ತಿಳಿದು ಪಶ್ಚಿಮಕ್ಕೆ ತಿರುಗಿದಾಗ, ತಪ್ಪಿಸಿಕೊಂಡು ಓಡುತ್ತಿದ್ದಾರೆ ಎಂದು ಗುಂಡು ಹಾರಿಸಿದರು. ವಿಮಾನ ಮರಳಿನ ದಿಬ್ಬಗಳಿಗೆ ಬಿದ್ದು 113 ಜನರಲ್ಲಿ 108 ಜನ ಸತ್ತರು.

1983ರ ಸೆಪ್ಟೆಂಬರ್ 1ರಂದು ಅಲಾಸ್ಕಾದ ಆಂಕರೇಜ್‌ನಿಂದ ಸೋಲ್‌ಗೆ ಹೋಗುತ್ತಿದ್ದ ಕೊರಿಯನ್ ಏರ್‌ಲೈನ್ಸ್‌ನ 007 ವಿಮಾನ ತನ್ನ ಮಾರ್ಗದಿಂದ ಸರಿದು ಸೋವಿಯತ್ ಒಕ್ಕೂಟದ ಆಕಾಶಕ್ಕೆ ನುಗ್ಗಿತು. ಸಖಾಲಿನ್ ದ್ವೀಪದ ಬಳಿ ಸುಖೋಯ್-15 ವಿಮಾನ ಅದನ್ನು ಹೊಡೆದುರುಳಿಸಿತು. 269 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಹೊಡೆದ ಪೈಲಟ್ ಎಚ್ಚರಿಕೆಯ ಗುಂಡು ಹಾರಿಸಿದ್ದರು. ಆದರೆ ಅವು ಕತ್ತಲಲ್ಲಿ ಬೆಳಕಿನ ಗೆರೆ ಬಿಡುವ ಗುಂಡುಗಳಾಗಿರಲಿಲ್ಲ. ಯಾರ ಕಣ್ಣಿಗೂ ಕಾಣದ ಎಚ್ಚರಿಕೆ! ತಾನು ಎರಡು ಸಾಲು ಕಿಟಕಿಗಳನ್ನು ಕಂಡಿದ್ದಾಗಿ ಅದೇ ಪೈಲಟ್ ವರ್ಷಗಳ ನಂತರ ಪತ್ರಕರ್ತರಿಗೆ ಹೇಳಿದರು. ಕಿಟಕಿ ಕಂಡಿತ್ತು. ಅದರ ಹಿಂದೆ ಮನುಷ್ಯರು ನಿದ್ದೆಮಾಡುತ್ತಿರಬಹುದು ಎಂಬುದು ಆಜ್ಞೆಯ ಮುಂದೆ ಲೆಕ್ಕಕ್ಕೆ ಬರಲಿಲ್ಲ.

ಈ ದುರಂತದ ಮರುವರ್ಷ, 1984ರ ಮೇ 10ರಂದು, ಷಿಕಾಗೊ ಒಪ್ಪಂದಕ್ಕೆ ಒಂದು ತಿದ್ದುಪಡಿಯನ್ನು ರಾಷ್ಟ್ರಗಳು ಅಂಗೀಕರಿಸಿದವು. ಹಾರುತ್ತಿರುವ ನಾಗರಿಕ ವಿಮಾನದ ಮೇಲೆ ಆಯುಧ ಬಳಸಕೂಡದು. ಅಡ್ಡಗಟ್ಟಿದರೂ ಒಳಗಿರುವವರ ಜೀವಕ್ಕೆ ಅಪಾಯ ತರಕೂಡದು ಎಂಬುದು ಅದರ ಸಾರ. ಇಷ್ಟು ಸರಳ ಮಾತು ಜಾರಿಗೆ ಬರಲು 1998ರ ಅಕ್ಟೋಬರ್‌ವರೆಗೆ ಕಾಯಬೇಕಾಯಿತು.

2001ರ ಸೆಪ್ಟೆಂಬರ್ 11ರ ನಂತರ ಲೆಕ್ಕಾಚಾರ ಮತ್ತೆ ಬದಲಾಯಿತು. ವಿಮಾನವೇ ಆಯುಧವಾದರೆ ಏನು ಮಾಡುವುದು? 2005ರಲ್ಲಿ ನಮ್ಮ ಸರ್ಕಾರವೂ, ಅಪಹೃತ ವಿಮಾನ ಮುಖ್ಯ ಗುರಿಯೊಂದರ ಮೇಲೆ ಎರಗುವಂತಿದ್ದರೆ ಹೊಡೆದುರುಳಿಸಬಹುದು ಎಂಬ ನೀತಿಗೆ ಒಪ್ಪಿಗೆ ಕೊಟ್ಟಿತು. ಜರ್ಮನಿ ಅದೇ ವರ್ಷ ಇಂಥದ್ದೇ ಕಾನೂನು ತಂದಿತು. ಆದರೆ 2006ರ ಫೆಬ್ರವರಿ 15ರಂದು ಅಲ್ಲಿನ ಸಂವಿಧಾನ ನ್ಯಾಯಾಲಯ ಅದನ್ನು ರದ್ದುಮಾಡಿತು. ನಿರಪರಾಧಿ ಪ್ರಯಾಣಿಕರನ್ನು ಬೇರೆಯವರನ್ನು ಉಳಿಸುವ ಬರೀ ಸಾಧನವನ್ನಾಗಿ, ವಸ್ತುವನ್ನಾಗಿ ಕಾಣುವುದು ಮನುಷ್ಯನ ಘನತೆಗೆ ವಿರುದ್ಧ ಎಂದಿತು. ಅಂಥ ಗಳಿಗೆಯಲ್ಲಿ ನೆಲದ ಮೇಲಿರುವವರಿಗೆ ಸಿಗುವ ಮಾಹಿತಿ ಖಚಿತವಾಗಿರುವುದಿಲ್ಲ ಎಂಬುದನ್ನೂ ಗಮನಿಸಿತು. ಇದಾದ ಆರು ತಿಂಗಳಿಗೆ ಆ ಹನ್ನೆರಡು ಮಂದಿಯ ವಿಮಾನ ಹಿಂದಕ್ಕೆ ತಿರುಗಿದ್ದು ಅದೇ ಜರ್ಮನಿಯ ಆಕಾಶದಲ್ಲಿ.

*

ಇಷ್ಟನ್ನು ಓದಿ ಯುದ್ಧವಿಮಾನದ ಮೇಲೆ ಸಿಟ್ಟು ತಾಳಬೇಕೆ? ನಮಗೆ ಹಾಗೆ ಅನ್ನಿಸುವುದಿಲ್ಲ.

ಕನ್ನಡದಲ್ಲಿ ಇದಕ್ಕೆ ಬೆಂಗಾವಲು ಎನ್ನುತ್ತೇವೆ. ಮಂತ್ರಿಗೂ ಬೆಂಗಾವಲು, ಕೈದಿಗೂ ಬೆಂಗಾವಲು. 2017ರ ಫೆಬ್ರವರಿ 16ರಂದು ಮುಂಬೈಯಿಂದ ಲಂಡನ್ನಿಗೆ 330 ಪ್ರಯಾಣಿಕರೊಂದಿಗೆ ಹೋಗುತ್ತಿದ್ದ ಜೆಟ್ ಏರ್‌ವೇಸ್ ವಿಮಾನ ಜರ್ಮನಿಯ ಮೇಲೆ ನೆಲದ ಸಂಪರ್ಕ ಕಳೆದುಕೊಂಡಿತು. ಜರ್ಮನ್ ಯುದ್ಧವಿಮಾನಗಳು ಪಕ್ಕಕ್ಕೆ ಬಂದು ನೋಡಿದವು. ಸಂಪರ್ಕ ಮರಳಿತು, ವಿಮಾನ ಲಂಡನ್ನಿನಲ್ಲಿ ಸುಖವಾಗಿ ಇಳಿಯಿತು. ಯಾರಿಗೂ ಏನೂ ಆಗಲಿಲ್ಲ.

ಅದಕ್ಕೂ ಮುಂಚೆ, 2005ರ ಆಗಸ್ಟ್ 14ರಂದು ಸೈಪ್ರಸ್‌ನಿಂದ ಅಥೆನ್ಸಿಗೆ ಹೊರಟ ಹೀಲಿಯೋಸ್ ವಿಮಾನದಲ್ಲಿ ಗಾಳಿಯ ಒತ್ತಡ ಕುಸಿದು ಬಹುತೇಕ ಎಲ್ಲರೂ ಪ್ರಜ್ಞೆ ತಪ್ಪಿದ್ದರು. ಉತ್ತರವಿಲ್ಲದೆ ಸುತ್ತುತ್ತಿದ್ದ ಆ ವಿಮಾನದ ಪಕ್ಕಕ್ಕೆ ಗ್ರೀಸ್‌ನ ಎಫ್-16 ಪೈಲಟ್ ಬಂದು ಒಳಗೆ ಇಣುಕಿದರು. ಕ್ಯಾಪ್ಟನ್ನರ ಸೀಟು ಖಾಲಿ, ಸಹಚಾಲಕ ಕುಸಿದು ಬಿದ್ದಿದ್ದರು. ಆಮೇಲೆ ಒಬ್ಬ ಮನುಷ್ಯ ಬಂದು ಆ ಖಾಲಿ ಸೀಟಿನಲ್ಲಿ ಕುಳಿತದ್ದನ್ನೂ ಕಂಡರು. ಅವರು ವಿಮಾನದ ಸಿಬ್ಬಂದಿಯಲ್ಲೊಬ್ಬರು. ಆಗ ಇಂಧನ ಮುಗಿಯುತ್ತಾ ಬಂದಿತ್ತು. ವಿಮಾನದಲ್ಲಿದ್ದ 121 ಜನರೂ ಸತ್ತರು. ಯುದ್ಧವಿಮಾನ ಅವರನ್ನು ಉಳಿಸಲಾಗಲಿಲ್ಲ. ಆದರೆ ಅವರ ಕೊನೆಯ ಗಳಿಗೆಯನ್ನು ಹತ್ತಿರದಿಂದ ಕಂಡ ಕಣ್ಣು ಅದೊಂದೇ.

ಎಂದರೆ, ದೂರದಿಂದ ಊಹಿಸುವುದಕ್ಕಿಂತ ಹತ್ತಿರ ಬಂದು ನೋಡುವುದು ಮೇಲು. ನೋಡಿ ಸುಮ್ಮನಾಗುವುದಕ್ಕಿಂತ ಕೇಳುವುದು ಮೇಲು. ಆಕಾಶದಲ್ಲಿ ಗಂಟೆಗೆ ಎಂಟುನೂರು ಕಿಲೋಮೀಟರ್ ವೇಗದಲ್ಲಿ ಹಾರುವ ಇಬ್ಬರು ಅಪರಿಚಿತರಿಗೆ ‘ಯಾರು ನೀವು? ದಾರಿ ತಪ್ಪಿದಿರಾ?’ ಎಂದು ಕೇಳುವ ಒಂದು ಮರ್ಯಾದೆಯ ಕ್ರಮವಿದೆ. ನೂರಾರು ಜನರ ಪ್ರಾಣ ಕೊಟ್ಟು ಕಲಿತ ಕ್ರಮ ಅದು. ಆದರೆ ಅದೇ ವಿಮಾನದೊಳಗೆ, ಮೊಣಕೈಗೆ ಮೊಣಕೈ ತಾಗುವಂತೆ ಕುಳಿತ ಇಬ್ಬರಿಗೆ ಇಂಥ ಯಾವ ಕ್ರಮವೂ ಇಲ್ಲ. ಅಲ್ಲಿ ನೋಡುತ್ತಾರೆ, ಲೆಕ್ಕ ಹಾಕುತ್ತಾರೆ, ಕೇಳುವುದಿಲ್ಲ. 42ನೇ ಸಂಖ್ಯೆಯ ವಿಮಾನದ ಆ ಹನ್ನೆರಡು ಮಂದಿಯ ಬಗೆಗಿನ ಅನುಮಾನ ಹುಟ್ಟಿದ್ದು ಎಫ್-16ರ ಪೈಲಟ್‌ಗಳ ಮನಸ್ಸಿನಲ್ಲಿ ಅಲ್ಲ. ಅವರು ಕರೆದಾಗ ಬಂದವರು. ಅನುಮಾನ ಹುಟ್ಟಿದ್ದು ಸೀಟುಗಳ ನಡುವೆ.

*

ಇನ್ನು ನಮ್ಮ ಮಾತು.

2008ರ ಜುಲೈ 25ರಂದು ಬೆಂಗಳೂರಿನಲ್ಲಿ ಸರಣಿ ಬಾಂಬ್ ಸ್ಫೋಟಗಳಾದವು. ಅದಾಗಿ ಹತ್ತು ಹನ್ನೆರಡು ದಿನ ಕಳೆದಿರಬಹುದು. ಸಂಜೆ ಶಿವಾಜಿನಗರದಲ್ಲಿ ಬಸ್ ಹತ್ತಿದ್ದೆವು. ನಮ್ಮ ಎದುರಿನ ಸಾಲಿನಲ್ಲಿ ಒಬ್ಬ ಹುಡುಗ ಬಂದು ಕುಳಿತ. ಇಪ್ಪತ್ತೆರಡು ಇಪ್ಪತ್ಮೂರು ಇರಬಹುದು. ಎಳೆಯ ಗಡ್ಡ, ತಲೆಗೆ ಬಿಳಿ ಟೋಪಿ. ತೊಡೆಯ ಮೇಲೆ ಉಬ್ಬಿದ ಒಂದು ಚೀಲ. ಅದನ್ನು ಒಂದು ಕೈಯಲ್ಲಿ ಅವುಚಿಕೊಂಡು ಇನ್ನೊಂದು ಕೈಯಲ್ಲಿ ಮೊಬೈಲ್ ಒತ್ತುತ್ತಿದ್ದ. ನಡುನಡುವೆ ಕಣ್ಣು ಮುಚ್ಚುತ್ತಿದ್ದ. ಅವನ ತುಟಿಗಳು ಅಲುಗುತ್ತಿದ್ದವು.

ತುಟಿ ಯಾಕೆ ಅಲುಗುತ್ತದೆಂದು ಆ ಬಸ್ಸಿನಲ್ಲಿ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಲು ಸಾಧ್ಯ? ನಮ್ಮ ಅಬ್ಬಾರ ತುಟಿ ಹಾಗೇ ಅಲುಗುತ್ತಿತ್ತು. ಪರೀಕ್ಷೆಗೆ ಹೋಗುವಾಗ ನಮ್ಮದೂ ಅಲುಗಿದೆ. ‘ಅಸ್ಸಲಾಮು ಅಲೈಕುಂ’ ಅನ್ನಬಹುದಿತ್ತು. ‘ಎಲ್ಲಿಗಪ್ಪಾ?’ ಎಂದು ಕೇಳಬಹುದಿತ್ತು. ಒಂದೇ ಮಾತು ಸಾಕಿತ್ತು. ನಾವು ಕೇಳಲಿಲ್ಲ. ನಮ್ಮ ನಿಲ್ದಾಣ ಇನ್ನೂ ಎರಡು ಸ್ಟಾಪ್ ಇರುವಾಗಲೇ ಎದ್ದು ಇಳಿದುಬಿಟ್ಟೆವು.

ಬಸ್ಸು ಹೊರಡುವಾಗ ಆ ಹುಡುಗ ಕಿಟಕಿಯಿಂದ ನಮ್ಮನ್ನು ನೋಡಿದ. ನಾವು ಯಾಕೆ ಇಳಿದೆವೆಂದು ಅವನಿಗೆ ತಿಳಿದಿತ್ತು ಎಂದೇ ನಮ್ಮ ನಂಬಿಕೆ. ಆ ದಿನಗಳಲ್ಲಿ ಅವನ ಪಕ್ಕದಿಂದ ಎದ್ದು ಹೋದವರಲ್ಲಿ ನಾವೇ ಮೊದಲಿಗರಾಗಿರಲಿಕ್ಕಿಲ್ಲ. ಆ ಬಸ್ಸಿಗೆ ಏನೂ ಆಗಲಿಲ್ಲ. ಉಳಿದ ದಾರಿಯನ್ನು ಮಳೆಯಲ್ಲಿ ನೆನೆಯುತ್ತಾ ನಡೆದೆವು.

ಅನುಮಾನದ ವಿರುದ್ಧ ಅದಕ್ಕಿಂತ ಮೊದಲೂ ಬರೆದಿದ್ದೆವು, ಆಮೇಲೂ ಬರೆದಿದ್ದೇವೆ. ಈ ಒಂದು ಸಂಗತಿಯನ್ನು ಮಾತ್ರ ಇದುವರೆಗೆ ಬರೆದಿರಲಿಲ್ಲ. ಕತೆಯಲ್ಲಾದರೆ ಇದನ್ನು ಯಾವುದಾದರೂ ಪಾತ್ರದ ತಲೆಗೆ ಕಟ್ಟಿ ಕೈತೊಳೆದುಕೊಳ್ಳಬಹುದಿತ್ತು.

ಹದಿನಾರು ವರ್ಷಗಳ ನಂತರ ವಿಮಾನದಲ್ಲಿ ಖಾಲಾರ ದನಿ ಅಡಗಿಸಿದ್ದು ಯಾಕೆಂದು ಈಗ ಹೇಳಬಲ್ಲೆವು. ಪಕ್ಕದ ಹೆಂಗಸಿನ ಕಣ್ಣಿಗೆ ಅಲುಗುವ ತುಟಿ ಹೇಗೆ ಕಂಡೀತು ಎಂಬುದು ನಮಗೆ ಗೊತ್ತಿತ್ತು. ಒಮ್ಮೆ ಅದೇ ಕಣ್ಣಿನಿಂದ ನಾವೂ ನೋಡಿದ್ದೆವಲ್ಲ.

*

ವಿಮಾನ ರನ್‌ವೇಯತ್ತ ನಿಧಾನವಾಗಿ ಉರುಳುತ್ತಿತ್ತು. ಕಿಟಕಿಯ ಬಳಿಯ ಹೆಂಗಸು ಬೆಲ್ಟನ್ನು ಮತ್ತೆ ಮತ್ತೆ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಆಮೇಲೆ ಖಾಲಾರ ತಲೆಯ ಮೇಲಿಂದ ನಮ್ಮತ್ತ ಬಾಗಿದರು.

“ನಿಮ್ಮಮ್ಮ ಏನೋ ಓದ್ತಿದ್ರಲ್ಲ, ನಿಲ್ಲಿಸಿಬಿಟ್ರಾ?”

ಎದೆ ಒಮ್ಮೆ ಝಲ್ಲೆಂದಿತು. “ಪ್ರಯಾಣದ ಪ್ರಾರ್ಥನೆ. ನಮ್ಮ ಚಿಕ್ಕಮ್ಮ ಇವರು. ನಿಮಗೆ ತೊಂದರೆಯಾದೀತು ಅಂತ...”

“ಅಯ್ಯೋ, ತೊಂದರೆ ಎಂಥದ್ದು? ನಂಗೂ ವಿಮಾನ ಅಂದ್ರೆ ಕೈಕಾಲು ನಡುಗತ್ತೆ. ಓದ್ಲಿ ಬಿಡಿ, ಕೇಳ್ತಾ ಇದ್ರೆ ಒಂಥರಾ ಧೈರ್ಯ.”

ಖಾಲಾಗೆ ಕನ್ನಡ ಚೆನ್ನಾಗಿ ಬರುತ್ತದೆ. ಸೆರಗಿನಿಂದ ಕೈ ಹೊರತೆಗೆದು ಆಕೆಯ ಕೈ ಮೇಲಿಟ್ಟರು. “ಇದು ಒಬ್ಬರಿಗೇ ಕೇಳೋದಲ್ಲಮ್ಮ. ಗಾಡಿಯಲ್ಲಿ ಇರೋ ಎಲ್ಲರಿಗೂ ಸೇರಿಸೇ ಕೇಳೋದು” ಎಂದರು. ಖಾಲಾಗೆ ವಿಮಾನವೂ ಗಾಡಿಯೇ.

ಮುಂದಿನ ಸಾಲಿನ ತಲೆ ಮತ್ತೊಮ್ಮೆ ಹೊರಳಿ ನಮ್ಮನ್ನು ನೋಡಿ ತಿರುಗಿಕೊಂಡಿತು. ಆ ಮನುಷ್ಯ ಏನು ತಿಳಿದುಕೊಂಡರೋ ಗೊತ್ತಿಲ್ಲ. ಅವರು ಕೇಳಲಿಲ್ಲ, ನಾವೂ ಹೇಳಲಿಲ್ಲ. ಎಂಜಿನ್ನಿನ ಮೊರೆತ ಏರತೊಡಗಿತು.

ಖಾಲಾ ಕೂಡಲೇ ಓದಲು ಶುರುಮಾಡಲಿಲ್ಲ. ತಸ್ಬೀಹ್ ಹಿಡಿದುಕೊಂಡು ನಮ್ಮ ಮುಖ ನೋಡಿದರು. ನಾವು ತಲೆಯಾಡಿಸಿದೆವು.